ಅವ್ವನ ಸೋಸುಬಟ್ಟೆ

ಭಾಂಡುಪ್ಪಿನಲ್ಲಿ ನೆಲೆಸಿದ ಕನ್ನಡ ಬಂಧುಗಳಿಗೆ ನೀರಿನ ಬೆಲೆಯನ್ನು ನಾನು ಹೊಸದಾಗಿ ಹೇಳಬೇಕಾದುದಿಲ್ಲ. ಮುಂಬಯಿಯ ಬಹುಪಾಲು ಜನ ಕುಡಿಯುವ ನೀರು ನಮ್ಮ ಗುಡ್ಡದ ಮಗ್ಗುಲಲ್ಲಿರುವ ಶುದ್ಧೀಕರಣ ಕೇಂದ್ರದಲ್ಲಿ ತಿಳಿಯಾಗಿಯೇ ಮುಂದೆ ಹೋಗುತ್ತದೆ. ಎಪ್ಪತ್ತರ ದಶಕದಲ್ಲಿ ಅದನ್ನು ಕಟ್ಟುವಾಗ ಮಣ್ಣು ಹೊತ್ತವರಲ್ಲಿ ನಮ್ಮ ತಂದೆಯೂ ಒಬ್ಬರು. ಆದರೆ ಗುಡ್ಡದ ಮೇಲಿನ ನಮ್ಮ ಖೋಲಿಗೆ ಆಗ ನಳವಿರಲಿಲ್ಲ. ಅವ್ವ ನಸುಕಿನ ನಾಲ್ಕು ಗಂಟೆಗೇ ಇಳಿದು ಹೋಗಿ ಕೆಳಗಿನ ಸಾರ್ವಜನಿಕ ನಳದ ಸಾಲಿನಲ್ಲಿ ಕೊಡ ಇಟ್ಟು ಬರುತ್ತಿದ್ದಳು. ಆ ನಳದ ಬಳಿ ಕನ್ನಡ, ಮರಾಠಿ, ತುಳು, ತಮಿಳು ಎಲ್ಲ ಭಾಷೆಯ ಬೈಗುಳಗಳನ್ನೂ ನಾನು ಶಾಲೆಗೆ ಹೋಗುವ ಮೊದಲೇ ಕಲಿತೆನೆಂಬುದು ಬೇರೆ ಮಾತು.

ನಾನು ಬರೆಯಹೊರಟಿದ್ದು ಆ ನಳದ ಕಥೆಯನ್ನಲ್ಲ, ಅವ್ವನ ಬಟ್ಟೆಯ ಕಥೆಯನ್ನು.

ನಮ್ಮೂರು ಗುಲ್ಬರ್ಗಾ ಜಿಲ್ಲೆಯದು. ಈಗ ಕಲಬುರಗಿ ಎನ್ನುತ್ತಾರೆ. ಊರಿಗೆಲ್ಲ ಒಂದೇ ಬಾವಿ. ಶಹಾಬಾದಿ ಕಲ್ಲಿನ ಮೆಟ್ಟಿಲುಗಳನ್ನು ಇಳಿದು, ಮೊಣಕಾಲುದ್ದ ನೀರಿನಲ್ಲಿ ನಿಂತು ಕೊಡ ತುಂಬಬೇಕು. ನೋಡುವುದಕ್ಕೆ ಬಲು ಚೆಲುವಾದ ಬಾವಿ. ಅಂಥ ಬಾವಿಗಳಿದ್ದ ಸೀಮೆಯಲ್ಲೆಲ್ಲ ನಾರು ಹುಣ್ಣು ಎಂಬ ರೋಗವಿದ್ದಿತು. ಇಂದಿನ ಮಕ್ಕಳಿಗೆ ಹೆಸರೂ ಗೊತ್ತಿಲ್ಲ, ಗೊತ್ತಾಗದಿರುವುದೇ ಒಳ್ಳೆಯದು. ಕಾಲಿನಲ್ಲಿ ಬೊಬ್ಬೆಯೆದ್ದು ಉರಿಯುತ್ತದೆ. ಬೊಬ್ಬೆ ಒಡೆದರೆ ಬಿಳಿಯ ದಾರದಂಥ ಹುಳುವಿನ ತುದಿ ಕಾಣುತ್ತದೆ. ಅದು ಒಂದು ಮೀಟರಿನವರೆಗೂ ಉದ್ದವಿರಬಹುದು. ಕಡ್ಡಿಗೆ ಸುತ್ತಿ ದಿನಕ್ಕೆ ಬೆರಳಿನಷ್ಟು ಎಳೆಯಬೇಕು. ಅವಸರಪಟ್ಟು ಹರಿದರೆ ಕಾಲು ಬಾತು ಕೀವಾಗುತ್ತದೆ. ಅದಕ್ಕೆ ಔಷಧವೂ ಇಲ್ಲ, ಲಸಿಕೆಯೂ ಇಲ್ಲ. ಹುಳು ಹೊರಬೀಳುವುದು ಹೆಚ್ಚಾಗಿ ಬೇಸಿಗೆಯ ಕೊನೆಗೆ, ಬಿತ್ತಿಗೆಯ ಹೊತ್ತಿಗೇ. ಮನೆಯಲ್ಲಿ ದುಡಿಯುವವರು ತಿಂಗಳೆರಡು ತಿಂಗಳು ಹಾಸಿಗೆ ಹಿಡಿದರೆಂದರೆ ವರ್ಷದ ಅನ್ನಕ್ಕೇ ಕಲ್ಲು.

1971ರಲ್ಲಿ ಅವ್ವನ ಎಡಗಾಲಿನಲ್ಲಿ ಹುಳು ಎದ್ದಿತು. ಮರುವರ್ಷ ತಂದೆಗೆ, ಚಿಕ್ಕಪ್ಪನಿಗೆ, ಓಣಿಯ ಇನ್ನೂ ನಾಲ್ಕಾರು ಜನರಿಗೆ. ಹೊಲ ಬಿತ್ತಲಿಲ್ಲ, ಸಾಲ ಬೆಳೆಯಿತು, ಹೊಲ ಹೋಯಿತು. ಆರು ವರ್ಷದ ನನ್ನನ್ನು ಕರೆದುಕೊಂಡು ಅವರು ಮುಂಬಯಿ ಗಾಡಿ ಹತ್ತಿದರು. ಹೊಟ್ಟೆಪಾಡಿಗಾಗಿ ಬಂದೆವು ಎಂದು ನಾನು ಎಲ್ಲರಿಗೂ ಹೇಳುತ್ತ ಬಂದಿದ್ದೇನೆ. ಒಂದು ಹುಳುವಿನ ದೆಸೆಯಿಂದ ಬಂದೆವು ಎಂದು ಹೇಳಲು ಯಾರಿಗೆ ತಾನೇ ಮನಸ್ಸಾದೀತು?

ಎಂಬತ್ತರ ದಶಕದಲ್ಲಿ ಸರಕಾರ ನಾರು ಹುಣ್ಣಿನ ನಿರ್ಮೂಲನಕ್ಕೆ ಹೊರಟಿತು. ಕೈಪಂಪು ಹಾಕಿದರು, ಮೆಟ್ಟಿಲು ಬಾವಿಗಳಿಗೆ ಕಟ್ಟೆ ಕಟ್ಟಿ ಗಡಗಡೆ ಕೂಡಿಸಿದರು, ನೀರು ಸೋಸಿ ಕುಡಿಯಿರೆಂದು ಮನೆಮನೆಗೆ ಹೋಗಿ ಹೇಳಿದರು. ನಮ್ಮೂರಿನ ಹಿರಿಯರು ಮೊದಮೊದಲು ಬಾವಿಯ ಮೆಟ್ಟಿಲು ಮುಚ್ಚಲು ಒಪ್ಪಲಿಲ್ಲವಂತೆ. ಜಾತ್ರೆಗೆ ಹೋಗಿದ್ದ ಅವ್ವನ ಕಿವಿಗೆ ಬಿದ್ದದ್ದು ಸೋಸುವ ಮಾತು ಮಾತ್ರ. ಅಂದಿನಿಂದ ನಮ್ಮ ಭಾಂಡುಪ್ಪಿನ ಖೋಲಿಯಲ್ಲಿ ಹಳೆಯ ಧೋತರದ ಎರಡು ಪದರಿನ ಬಟ್ಟೆಯಿಲ್ಲದೆ ಒಂದು ತಂಬಿಗೆ ನೀರೂ ಒಳಗೆ ಬರುವಂತಿರಲಿಲ್ಲ. ನಾವು ನಗುತ್ತಿದ್ದೆವು. ಇಡೀ ಪಟ್ಟಣಕ್ಕೆ ನೀರು ಸೋಸುವ ಕೇಂದ್ರದ ನೆರಳಿನಲ್ಲಿ ಕುಳಿತು ಮತ್ತೆ ಸೋಸುವುದೇ!

2000ದ ಫೆಬ್ರುವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ಈ ರೋಗದಿಂದ ಮುಕ್ತವಾದ ದೇಶವೆಂದು ಪ್ರಮಾಣೀಕರಿಸಿತು. ಕೊನೆಯ ರೋಗಿ 1996ರಲ್ಲಿ ರಾಜಸ್ಥಾನದಲ್ಲಿ ಕಂಡಿದ್ದನಂತೆ. ಪತ್ರಿಕೆಯ ಸುದ್ದಿಯನ್ನು ನಾನು ಹಿಗ್ಗಿನಿಂದ ಅವ್ವನಿಗೆ ಓದಿ ಹೇಳಿದೆ. ನನ್ನ ಪಾಂಡಿತ್ಯಕ್ಕೆ ಇಷ್ಟಕ್ಕೇ ತೃಪ್ತಿಯಾಗಲಿಲ್ಲ. ರೋಗ ಹರಡುವ ಬಗೆಯನ್ನೂ ವಿವರಿಸಿದೆ. ಹುಣ್ಣಾದವರು ಬಾವಿಯಲ್ಲಿ ಕಾಲಿಟ್ಟರೆ ಹುಳು ನೀರಿನಲ್ಲಿ ಸಾವಿರಾರು ಮರಿ ಬಿಡುತ್ತದೆ, ಕಣ್ಣಿಗೆ ಕಂಡೂ ಕಾಣದ ನೀರುಚಿಗಟಗಳು ಅವನ್ನು ನುಂಗುತ್ತವೆ, ಆ ನೀರು ಕುಡಿದವರಿಗೆ ಸುಮಾರು ಒಂದು ವರ್ಷಕ್ಕೆ ಹುಳು ಏಳುತ್ತದೆ, ಎಂದೆ.

ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, “ಹಂಗಾದ್ರ ನಿಮ್ಮಪ್ಪಗ ಕೊಟ್ಟಾಕಿ ನಾನೇ ಏನ?” ಎಂದಳು.

ನನಗೆ ನಾಲಿಗೆ ಏಳಲಿಲ್ಲ. ಉರಿ ತಾಳಲಾರದೆ ಕಾಲನ್ನು ತಣ್ಣೀರಿನಲ್ಲಿ ಇಳಿಬಿಟ್ಟು ಆ ಮೆಟ್ಟಿಲ ಮೇಲೆ ದಿನವೂ ಕೂಡುತ್ತಿದ್ದೆನೆಂದು ಅವಳೇ ಹಿಂದೆ ಎಷ್ಟೋ ಸಲ ಹೇಳಿದ್ದಳು. ಬೇರೆ ಯಾರಾದರೂ ಇಳಿದಿರಬಹುದು ಎಂದೆ. 1972 ಬರಗಾಲದ ವರ್ಷ, ಬಿತ್ತಿದ್ದರೂ ಬೆಳೆಯುತ್ತಿರಲಿಲ್ಲ ಎಂದೆ. ಎರಡೂ ನಿಜವಾದ ಮಾತುಗಳೇ. ಆದರೆ ತಂದೆ ತೀರಿಹೋಗಿ ಆಗ ಮೂರು ವರ್ಷವಾಗಿದ್ದಿತು. ಅವಳು ಕೇಳಬೇಕಾದವರು ಅವರನ್ನು. ಅಂದಿನಿಂದ ಅವಳ ಸೋಸುಬಟ್ಟೆಯನ್ನು ಕಂಡು ನಾನು ನಕ್ಕಿಲ್ಲ.

2021ರ ಜುಲೈ 17ರ ರಾತ್ರಿಯ ಮಳೆಯನ್ನು ವಾಚಕರು ಮರೆತಿರಲಾರರು. ಚೆಂಬೂರು, ವಿಕ್ರೋಳಿಗಳಲ್ಲಿ ಗುಡ್ಡ ಕುಸಿದು ಜನ ಸತ್ತರು. ನಮ್ಮ ಶುದ್ಧೀಕರಣ ಕೇಂದ್ರಕ್ಕೇ ನೀರು ನುಗ್ಗಿ, ಮುಂಬಯಿಯ ಹೆಚ್ಚಿನ ಭಾಗದಲ್ಲಿ ನಳ ನಿಂತಿತು. ನೀರನ್ನು ಕಾಯಿಸಿ ಕುಡಿಯಿರೆಂದು ಮಹಾನಗರಪಾಲಿಕೆ ಸಾರಿತು. ನನ್ನ ಸೊಸೆ ಬಾಟಲಿ ನೀರಿಗಾಗಿ ಅಂಗಡಿ ಅಂಗಡಿ ಅಲೆದು ಬರುವುದರೊಳಗೆ ಅವ್ವ ಸೋಸಿ, ಕಾಯಿಸಿ, ಎರಡು ಹಂಡೆ ತುಂಬಿಟ್ಟು, ನೆರೆಮನೆಗೂ ಒಂದು ಕೊಡ ಕಳಿಸಿದ್ದಳು.

ಎರಡು ವರ್ಷದ ಹಿಂದೆ ಅವಳನ್ನು ಊರಿಗೆ ಕರೆದುಕೊಂಡು ಹೋಗಿದ್ದೆ. 2019ರಲ್ಲಿ ಕೇಂದ್ರ ಸರಕಾರ ಹಳ್ಳಿಯ ಮನೆಮನೆಗೂ ನಳ, ತಲೆಗೆ ದಿನಕ್ಕೆ 55 ಲೀಟರು ನೀರು ಎಂಬ ಯೋಜನೆ ಹೂಡಿತಷ್ಟೆ. ಸೋದರಮಾವನ ಅಂಗಳದಲ್ಲಿಯೂ ಒಂದು ನಳ ನಿಂತಿದೆ. ಬೋರಿನ ನೀರು, ಸ್ವಲ್ಪ ಸವಳು. ಆದರೂ ಅಂಗಳದ ನೀರು. ಮಾವನ ಮೊಮ್ಮಗಳು ಏಳಕ್ಕೆ ಎದ್ದು, ತಲೆ ಬಾಚಿಕೊಂಡು ಕಾಲೇಜಿನ ಬಸ್ಸು ಹಿಡಿಯುತ್ತಾಳೆ. ಅವ್ವ ಅವಳನ್ನು ಬಾಗಿಲಿನವರೆಗೂ ದಿಟ್ಟಿಸಿ ನೋಡಿದಳು. ಆ ವಯಸ್ಸಿನಲ್ಲಿ ಅವಳಿಗೆ ಬೆಳಗೆಂದರೆ ಮೂರು ಸಲ ಬಾವಿ ಇಳಿದು ಹತ್ತುವುದು. ಊರಿನಲ್ಲಿ ಯಾರ ಕಾಲಿಗೂ ಕಡ್ಡಿ ಕಟ್ಟಿರಲಿಲ್ಲ. ಭಾತ್ಸಾ ಅಣೆಕಟ್ಟಿನಿಂದ ನಮಗೆ ನೀರು ಕಳಿಸುವ ಶಹಾಪುರ ತಾಲೂಕಿನಲ್ಲೇ ಎಷ್ಟೋ ಪಾಡಾಗಳು ಬೇಸಿಗೆಯಲ್ಲಿ ಟ್ಯಾಂಕರಿನ ದಾರಿ ಕಾದಿರುವುದನ್ನು ನೆನೆದರೆ, ನಮ್ಮೂರೇ ವಾಸಿ ಎನಿಸಿತು.

ಬಾವಿ ನೋಡಬೇಕೆಂದಳು. ಕಟ್ಟೆಯ ಮೇಲೆ ಬೇವಿನ ಸಸಿ ಹುಟ್ಟಿದೆ, ಗಡಗಡೆ ತುಕ್ಕು ಹಿಡಿದಿದೆ, ಮೆಟ್ಟಿಲು ಮಣ್ಣಿನಡಿ ಹೋಗಿವೆ. ಬಹಳ ಹೊತ್ತು ನಿಂತಳು. ನಾನು ದೂರದಲ್ಲೇ ಇದ್ದೆ. ಹೊರಡುವ ದಿನ ಸಾಮಾನು ಕಟ್ಟುವಾಗ ಅವಳ ಚೀಲದಲ್ಲಿ ಸೋಸುಬಟ್ಟೆ ಕಾಣಲಿಲ್ಲ. ಹುಡುಕುತ್ತ ಅಂಗಳಕ್ಕೆ ಬಂದರೆ, ಅದನ್ನು ನಳದ ಬಾಯಿಗೆ ದಾರದಿಂದ ಬಿಗಿಯಾಗಿ ಕಟ್ಟಿದ್ದಳು.