ಎಡವಿದ ಕಾಲು

ಊರ ಕೆರೆಯ ಏರಿಯನ್ನು ಹೊಗಳಿ ಹಾಡಿದವರು ವಿರಳ. ಕೆರೆ ತುಂಬಿದಾಗ ಜನರು ಮಳೆರಾಯನಿಗೆ ಕೈಮುಗಿಯುತ್ತಾರೆ. ಗದ್ದೆ ತೆನೆಯೊಡೆದಾಗ ಒಕ್ಕಲಿಗನನ್ನು ಹರಸುತ್ತಾರೆ. ವರ್ಷವೆಲ್ಲ ನೀರನ್ನು ತಡೆದು ನಿಂತ ಆ ಮಣ್ಣಿನ ದಿಬ್ಬದ ನೆನಪು ಅವರಿಗಾಗುವುದು, ಅದು ಒಂದೆಡೆ ಬಿರಿದ ದಿನ ಮಾತ್ರ. ಕಾಲ್ಚೆಂಡಿನ ಆಟದಲ್ಲಿ ಹಿಂಬದಿಯನ್ನು ಕಾಯುವ ಆಟಗಾರನ ಪಾಡೂ ಇದೇ. ಮುಂದೆ ಆಡುವವನು ಹತ್ತು ಬಾರಿ ಗುರಿ ತಪ್ಪಿ ಹನ್ನೊಂದನೆಯ ಬಾರಿ ಗೋಲು ಹೊಡೆದರೆ ಅವನಿಗೆ ಹೂಮಾಲೆ. ಹಿಂದೆ ನಿಂತವನು ಹತ್ತು ಬಾರಿ ತಡೆದು ಹನ್ನೊಂದನೆಯ ಬಾರಿ ತಪ್ಪಿದರೆ ಅವನಿಗೆ ಛೀಮಾರಿ. ಒಬ್ಬನ ಲೆಕ್ಕವನ್ನು ಜಮೆಯಲ್ಲಿ ಬರೆಯುವ ಲೋಕ ಇನ್ನೊಬ್ಬನದನ್ನು ಖರ್ಚಿನಲ್ಲಿಯೇ ಬರೆಯುತ್ತದೆ.

ಬ್ರೆಜಿಲ್ ದೇಶದ ಲೂಸಿಯೊ ಈ ಲೆಕ್ಕದಲ್ಲಿಯೇ ಇಪ್ಪತ್ತು ವರ್ಷಗಳಿಗೂ ಮೀರಿ ಬಾಳಿದವನು. ಆತನ ಪೂರ್ಣ ಹೆಸರು ಲೂಸಿಮಾರ್ ಫೆರೇರ ದ ಸಿಲ್ವ. 1978ರ ಮೇ 8ರಂದು, ರಾಜಧಾನಿ ಬ್ರೆಜಿಲಿಯಾಕ್ಕೆ ಸೇರಿದ ಸೀಮೆಯ ಪ್ಲನಾಲ್ಟಿನ ಎಂಬಲ್ಲಿ ಹುಟ್ಟಿದನು. ದೊಡ್ಡ ಆಟಗಾರರ ತವರೆಂದು ಹೆಸರಾದ ನೆಲವಲ್ಲ ಅದು. 1997ರಲ್ಲಿ ಗ್ವಾರಾ ಎಂಬ ಸಣ್ಣ ತಂಡದ ಪರವಾಗಿ ಈ ತರುಣನು ಪೋರ್ತು ಅಲೆಗ್ರಿ ನಗರದ ಪ್ರಸಿದ್ಧ ಇಂಟರ್‌ನ್ಯಾಶನಲ್ ತಂಡವನ್ನು ಎದುರಿಸಿದನು. ಗ್ವಾರಾ ಏಳು ಗೋಲುಗಳನ್ನು ತಿಂದು, ಒಂದನ್ನೂ ಹಿಂದಿರುಗಿಸಲಾರದೆ ಸೋತಿತು. ಏಳು ಗೋಲು ಬಿಟ್ಟುಕೊಟ್ಟ ತಂಡದ ಕಾವಲುಗಾರನನ್ನು ಕರೆದು ಮಣೆ ಹಾಕುವವರುಂಟೆ? ಉಂಟು! ಏಳು ಗೋಲು ಹೊಡೆದ ತಂಡವೇ ಆ ಹುಡುಗನನ್ನು ಕರೆದುಕೊಂಡಿತು. ಮುಳುಗುತ್ತಿರುವ ದೋಣಿಯಲ್ಲಿಯೂ ಹುಟ್ಟನ್ನು ಕೈಬಿಡದ ಅಂಬಿಗನನ್ನು ಬಲ್ಲವರು ಗುರುತಿಸಿದರೆಂದು ತೋರುತ್ತದೆ.

ಅಲ್ಲಿಂದ ಆತನ ದೇಶಾಟನ ಮೊದಲಾಯಿತು. 2001ರಲ್ಲಿ ಜರ್ಮನಿಯ ಲೆವರ್‌ಕುಸೆನ್ ನಗರದ ತಂಡವನ್ನು ಸೇರಿದನು. ಮರುವರ್ಷದ ವಸಂತದಲ್ಲಿ ಆ ತಂಡಕ್ಕೊದಗಿದ ಗತಿಯನ್ನು ನೆನೆದರೆ ಇಂದಿಗೂ ಮರುಕವಾಗುತ್ತದೆ. ದೇಶದ ಲೀಗ್ ಪ್ರಶಸ್ತಿ ಕೈಗೆ ಬಂದಿತೆನ್ನುವಾಗ ಜಾರಿತು. ರಾಷ್ಟ್ರೀಯ ಕಪ್ಪಿನ ಅಂತಿಮ ಪಂದ್ಯದಲ್ಲಿ ಸೋಲಾಯಿತು. ಮೇ 15ರಂದು ಗ್ಲಾಸ್ಗೊ ನಗರದಲ್ಲಿ ಯುರೋಪಿನ ಚಾಂಪಿಯನ್ನರ ಕಪ್ಪು ರಿಯಲ್ ಮ್ಯಾಡ್ರಿಡ್ ತಂಡದ ಪಾಲಾಯಿತು. ಆ ಪಂದ್ಯದಲ್ಲಿ ಲೆವರ್‌ಕುಸೆನ್ ಗಳಿಸಿದ ಒಂದೇ ಒಂದು ಗೋಲು ಲೂಸಿಯೊ ತಲೆಯಿಂದ ಹೊಡೆದದ್ದು. ಆದರೇನು? ಅದೇ ಪಂದ್ಯದಲ್ಲಿ ಜಿದಾನ್ ಗಾಳಿಯಲ್ಲಿಯೇ ಒದ್ದ ಚೆಂಡಿನ ಸೊಬಗನ್ನು ಲೋಕ ಇಂದಿಗೂ ಕೊಂಡಾಡುತ್ತದೆ. ಲೂಸಿಯೊನ ಗೋಲನ್ನು ನೆನೆಯುವವರು ಕೆಲವರು.

ಒಂದು ತಿಂಗಳು ಕಳೆಯುವಷ್ಟರಲ್ಲಿ ಆತನು ಜಪಾನಿನಲ್ಲಿ ವಿಶ್ವಕಪ್ಪಿಗಾಗಿ ಆಡುತ್ತಿದ್ದನು. ಜೂನ್ 21ರಂದು, ಷಿಜುವೋಕದಲ್ಲಿ, ಎದುರಾಳಿ ಇಂಗ್ಲೆಂಡ್. ದೂರದಿಂದ ಬಂದ ಸಾಧಾರಣ ಚೆಂಡೊಂದನ್ನು ಹಿಡಿತಕ್ಕೆ ತಂದುಕೊಳ್ಳುವಾಗ ಲೂಸಿಯೊ ತಪ್ಪಿದನು. ಮೈಕೆಲ್ ಓವನ್ ಅದನ್ನು ಕಸಿದು ಗೋಲು ಹೊಡೆದನು. ಇಡೀ ಜಗತ್ತು ನೋಡುತ್ತಿದ್ದ ತಪ್ಪು ಅದು! ಗಳಿಗೆಗೊಮ್ಮೆ ಕಾಲ್ಚೆಂಡಿನ ಮಾತನಾಡುವ ದೇಶವೊಂದು ಅಂದು ಆ ಇಪ್ಪತ್ತನಾಲ್ಕು ವರ್ಷದ ತರುಣನನ್ನು ಏನೆಂದು ಬೈದಿರಬಹುದೆಂಬುದನ್ನು ಓದುಗರು ಊಹಿಸಬಲ್ಲರು. ರಿವಾಲ್ಡೊ ಸಮಗೊಳಿಸಿದನು, ರೊನಾಲ್ಡಿನೊ ಎರಡನೆಯ ಗೋಲನ್ನು ಹೊಡೆದು, ಕೆಲವೇ ನಿಮಿಷಗಳಲ್ಲಿ ಕೆಂಪು ಚೀಟಿ ಪಡೆದು ಹೊರನಡೆದನು. ಉಳಿದ ಹತ್ತು ಮಂದಿ ಅರ್ಧ ತಾಸಿಗೂ ಹೆಚ್ಚು ಕಾಲ ಆ ಒಂದು ಗೋಲಿನ ಮುನ್ನಡೆಯನ್ನು ಕಾಯಬೇಕಾಯಿತು. ಎಡವಿದ ಕಾಲುಗಳೇ ಈಗ ಗಟ್ಟಿಯಾಗಿ ನಿಂತವು. ಇಂಗ್ಲೆಂಡಿಗೆ ಮತ್ತೊಂದು ಗೋಲು ದೊರೆಯಲಿಲ್ಲ. ಜೂನ್ 30ರಂದು ಯೊಕೊಹಾಮಾದಲ್ಲಿ ಬ್ರೆಜಿಲ್ ಜರ್ಮನಿಯನ್ನು 2–0 ಗೋಲುಗಳಿಂದ ಸೋಲಿಸಿ ಐದನೆಯ ಸಲ ವಿಶ್ವಕಪ್ಪನ್ನು ಗೆದ್ದಿತು. ಎದುರು ತಂಡದಲ್ಲಿ ಲೆವರ್‌ಕುಸೆನ್ನಿನ ಗೆಳೆಯರು ಹಲವರಿದ್ದರು. ಅವರೊಡನೆ ಮೂರು ಸೋಲುಗಳನ್ನು ಹಂಚಿಕೊಂಡವನು ನಾಲ್ಕನೆಯದನ್ನು ಅವರಿಗೇ ಬಿಟ್ಟು ಬಂದನು.

ನಡೆಯುವವನು ಎಡವುತ್ತಾನಲ್ಲದೆ ಕುಳಿತವನು ಎಡವುತ್ತಾನೆಯೇ? ಗಾದೆಯ ಈ ಮಾತು ಲೂಸಿಯೊನಿಗೆ ಎರಡು ಪಟ್ಟು ಸಲ್ಲುತ್ತದೆ. ಏಕೆಂದರೆ ಆತನು ಗೋಲಿನ ಮುಂದೆ ಗೂಟದಂತೆ ನಿಲ್ಲುವ ಜಾತಿಯವನಲ್ಲ. ಚೆಂಡು ದೊರೆತೊಡನೆ ಉದ್ದನೆಯ ಹೆಜ್ಜೆಗಳಿಂದ ಮೈದಾನವನ್ನೇ ಸೀಳಿಕೊಂಡು ಮುಂದಕ್ಕೆ ನುಗ್ಗುವನು. ಆ ನುಗ್ಗುವಿಕೆಯಲ್ಲಿ ಅಪಾಯವುಂಟು, ಅದಿಲ್ಲದೆ ಆತನಿಲ್ಲ. ಹೀಗಿದ್ದೂ 2006ರ ವಿಶ್ವಕಪ್ಪಿನಲ್ಲಿ ಆತನು ಸತತ 386 ನಿಮಿಷಗಳ ಕಾಲ ಒಂದೂ ಫೌಲ್ ಮಾಡದೆ ಆಡಿ ದಾಖಲೆ ಸ್ಥಾಪಿಸಿದನು. ಎದುರಾಳಿಯ ಕಾಲಿಗೆ ಅಡ್ಡಬಂದೇ ಹೊಟ್ಟೆಹೊರೆಯುವ ವೃತ್ತಿಯಲ್ಲಿ ಇದೊಂದು ತಪಸ್ಸೇ ಸರಿ. ಆ ದಾಖಲೆ ಮುಗಿದದ್ದು ಫ್ರಾನ್ಸಿನೆದುರು. ಬ್ರೆಜಿಲ್ ಸೋತು ಮನೆಗೆ ನಡೆದದ್ದೂ ಅದೇ ಪಂದ್ಯದಲ್ಲಿ.

2004ರಲ್ಲಿ ಬಾಯೆರ್ನ್ ಮ್ಯೂನಿಕ್ ಸೇರಿದ ಲೂಸಿಯೊ ಅಲ್ಲಿ ಮೂರು ಲೀಗ್ ಪ್ರಶಸ್ತಿಗಳಲ್ಲಿಯೂ ಮೂರು ರಾಷ್ಟ್ರೀಯ ಕಪ್ಪುಗಳಲ್ಲಿಯೂ ಪಾಲುಗೊಂಡನು. 2009ರ ಜೂನ್‌ನಲ್ಲಿ ಬ್ರೆಜಿಲಿನ ನಾಯಕನಾಗಿ ಜೊಹಾನ್ಸ್‌ಬರ್ಗಿನಲ್ಲಿ ಕಾನ್ಫೆಡರೇಷನ್ಸ್ ಕಪ್ಪಿನ ಅಂತಿಮ ಪಂದ್ಯವಾಡಿದನು. ಅಮೆರಿಕದೆದುರು ಎರಡು ಗೋಲು ಹಿಂದೆ ಬಿದ್ದಿದ್ದ ತಂಡ ಸಮನಾಗಿ ಬಂದಿತು. ಪಂದ್ಯ ಮುಗಿಯಲು ಕೆಲವು ನಿಮಿಷಗಳಿರುವಾಗ ಲೂಸಿಯೊನೇ ತಲೆಯಿಂದ ಗೆಲುವಿನ ಗೋಲು ಹೊಡೆದನು. ಅದೇ ಬೇಸಿಗೆಯಲ್ಲಿ ಬಾಯೆರ್ನಿಗೆ ಬಂದ ಹೊಸ ತರಬೇತುದಾರ ವಾನ್ ಗಾಲ್ ಆತನು ತನಗೆ ಬೇಡವೆಂದನು! ಲೂಸಿಯೊ ಗಂಟುಮೂಟೆ ಕಟ್ಟಿಕೊಂಡು ಇಟಲಿಯ ಮಿಲಾನ್ ನಗರದ ಇಂಟರ್ ತಂಡಕ್ಕೆ ನಡೆದನು.

ವರ್ಷ ತುಂಬುವ ಮುನ್ನವೇ ಕಾಲಚಕ್ರ ತಿರುಗಿತು. 2010ರ ಏಪ್ರಿಲ್‌ನಲ್ಲಿ ಬಾರ್ಸಿಲೋನಾ ತಂಡದ ಮನೆಯಂಗಳದಲ್ಲಿ ಇಂಟರ್ ಒಬ್ಬ ಆಟಗಾರನನ್ನು ಕಳೆದುಕೊಂಡು, ಹತ್ತೇ ಮಂದಿಯೊಡನೆ ಒಂದು ತಾಸಿಗೂ ಮೀರಿ ಏರಿಯಾಗಿ ನಿಂತಿತು. ಒಂದು ಗೋಲು ಸೋರಿತು. ಆದರೆ ಏರಿ ಒಡೆಯಲಿಲ್ಲ. ಎರಡು ಪಂದ್ಯಗಳ ಒಟ್ಟು ಲೆಕ್ಕದಲ್ಲಿ 3–2 ಗೋಲುಗಳಿಂದ ಇಂಟರ್ ಮುಂದೆ ಸಾಗಿತು. ಮೇ 22ರಂದು ಮ್ಯಾಡ್ರಿಡ್ ನಗರದಲ್ಲಿ ನಡೆದ ಅಂತಿಮ ಪಂದ್ಯದ ಎದುರಾಳಿ ಯಾರು? ಬೇಡವೆಂದ ವಾನ್ ಗಾಲನ ಬಾಯೆರ್ನ್! ಇಂಟರ್ ಎರಡು ಗೋಲುಗಳಿಂದ ಗೆದ್ದಿತು. ಗೋಲು ಹೊಡೆದ ಮಿಲಿಟೊನ ಹೆಸರು ಮನೆಮಾತಾಯಿತು. ಬಾಯೆರ್ನಿಗೆ ಒಂದು ಗೋಲೂ ಸಿಗದಂತೆ ಕಾದವರಲ್ಲಿ ಲೂಸಿಯೊ ಒಬ್ಬನು.

ಮುಂದಿನದು ಇಳಿಹೊತ್ತಿನ ಕಥೆ. ಟ್ಯೂರಿನ್ನಿನಲ್ಲಿ ಕೆಲವೇ ಪಂದ್ಯಗಳು. ತಾಯ್ನಾಡಿನ ಸಾವೊ ಪಾವ್ಲೊ, ಪಾಲ್ಮೀರಾಸ್ ತಂಡಗಳಲ್ಲಿ ಸ್ವಲ್ಪ ಕಾಲ. 2015ರಲ್ಲಿ, ಮೂವತ್ತೇಳನೆಯ ವಯಸ್ಸಿನಲ್ಲಿ, ಆತನು ಇಳಿದದ್ದು ನಮ್ಮ ಕಾರವಾರದ ನೆರೆಯ ಗೋವೆಯಲ್ಲಿ. ಬ್ರೆಜಿಲಿನ ಹಿರಿಯ ಆಟಗಾರ ಜೀಕೊ ಅಲ್ಲಿನ ತಂಡದ ಗುರುವಾಗಿದ್ದನು. ಆ ಡಿಸೆಂಬರಿನಲ್ಲಿ ಮಡಗಾಂವಿನ ಫಾತೋರ್ಡ ಮೈದಾನದಲ್ಲಿ ಚೆನ್ನೈ ತಂಡದೆದುರು ಅಂತಿಮ ಪಂದ್ಯ. 2–1ರಿಂದ ಮುಂದಿದ್ದ ಗೋವೆ ಕೊನೆಯ ಗಳಿಗೆಯಲ್ಲಿ ಎರಡು ಗೋಲುಗಳನ್ನು ತಿಂದು ಸೋತಿತು. ಮರುವರ್ಷ ಅದೇ ತಂಡ ಪಟ್ಟಿಯ ತಳ ಸೇರಿತು. ವಿಶ್ವಕಪ್ಪನ್ನು ಮುಟ್ಟಿದ ಕೈಯವನು ಇಲ್ಲಿ ಬರಿಗೈಯಲ್ಲಿ ಹಿಂದಿರುಗಿದನು.

ದೇಶಕ್ಕಾಗಿ 105 ಪಂದ್ಯಗಳನ್ನಾಡಿದವನು ಅಲ್ಲಿಗೆ ಸಾಕೆನ್ನಬಹುದಾಗಿತ್ತು, ಆದರೆ ಎನ್ನಲಿಲ್ಲ. ನಲವತ್ತರ ಹರೆಯದಲ್ಲಿ ಹುಟ್ಟಿದ ಸೀಮೆಗೆ ಮರಳಿ, 2018ರಲ್ಲಿ ಗಾಮ, 2019ರಲ್ಲಿ ಬ್ರೆಜಿಲಿಯೆನ್ಸ್ ಎಂಬ ಸಣ್ಣ ತಂಡಗಳ ಅಂಗಿ ತೊಟ್ಟು ಆಡಿದನು. 2020ರ ಆರಂಭದಲ್ಲಿ ಆಟಕ್ಕೆ ವಿದಾಯ ಹೇಳಿದನು. ಏಳು ಗೋಲು ತಿಂದ ತಂಡದಿಂದ ಹೊರಟ ಹುಡುಗನು ಮೂರು ಖಂಡಗಳನ್ನು ಸುತ್ತಿ ಅದೇ ಕೆಂಪು ಮಣ್ಣಿಗೆ ಬಂದು ನಿಂತನು.

ಮನೆಮನೆಗಳಲ್ಲಿಯೂ ಇಂತಹವರುಂಟು. ಅವರು ತಡೆದ ಕೇಡುಗಳು ಯಾರ ಕಣ್ಣಿಗೂ ಬೀಳುವುದಿಲ್ಲ. ತಪ್ಪಿದ ಒಂದು ದಿನ ಮಾತ್ರ ಎಲ್ಲರ ನಾಲಗೆಯ ಮೇಲೆ ಉಳಿಯುತ್ತದೆ. ಆ ದಿನದ ಮರುದಿನ ಬೆಳಗ್ಗೆ ಎದ್ದು, ಮತ್ತೆ ಅದೇ ಜಾಗದಲ್ಲಿ ನಿಲ್ಲುವುದು ಸುಲಭವಲ್ಲ. ಲೂಸಿಯೊ ನಿಂತನು.