ಮಾತು ಬಾರದ ಹೊಟ್ಟೆನೋವು

ಕೂಸು ಅತ್ತರೆ ಹಸಿವೋ ಹೊಟ್ಟೆನೋವೋ ಎಂದು ತಾಯಿಗೆ ತಿಳಿಯುತ್ತದೆ. ಕರು ಅಳುವುದಿಲ್ಲ. ಹಿಂಗಾಲಿನಿಂದ ಹೊಟ್ಟೆಗೆ ಒದ್ದುಕೊಳ್ಳುತ್ತದೆ, ಮಲಗುತ್ತದೆ, ಏಳುತ್ತದೆ, ತಿರುಗಿ ತನ್ನ ಪಕ್ಕೆಯನ್ನೇ ನೋಡಿಕೊಳ್ಳುತ್ತದೆ. ನಮ್ಮ ಅರಸೀಕೆರೆ ಕಡೆಯ ಹೆಂಗಸರಿಗೆ ಇದನ್ನು ಹೇಳಿಕೊಡಬೇಕಿಲ್ಲ. ತೆಂಗು ಕೈಕೊಟ್ಟ ವರ್ಷವೂ ಡೇರಿ ಹಾಲಿನ ದುಡ್ಡಿನಲ್ಲೇ ಸಂಸಾರ ತೂಗಿಸಿದವರು ಅವರು.

ಬೇಲೂರಿನ ಬಸ್ಸು ಹಿಡಿದು ಹಳೇಬೀಡಿನ ಹತ್ತಿರದ ಶಾಲೆಗೆ ಪಾಠ ಹೇಳಲು ಹೋಗುವ ನಾನು ಪಶುವೈದ್ಯಳಲ್ಲ. ಆದರೆ ನಮ್ಮ ಹಿತ್ತಿಲಿಗೆ ಅಂಟಿಕೊಂಡೇ ಪಕ್ಕದ ಮನೆಯವರ ಕೊಟ್ಟಿಗೆಯಿದೆ. ಅಲ್ಲಿಗೆ ಬರುವ ಡಾಕ್ಟರನ್ನು ಕೇಳಿ ಕೇಳಿ ಕಲಿತದ್ದಿಷ್ಟು. ಎಳೆಗರುವಿನ ನಾಲ್ಕು ಹೊಟ್ಟೆಗಳಲ್ಲಿ ದುಡಿಯುವುದು ನಾಲ್ಕನೆಯದೇ. ಕೆಚ್ಚಲು ಚೀಪುವಾಗ ಒಳಗಿನ ಮಡಿಕೆಯೊಂದು ಕೊಳವೆಯಂತೆ ಮುಚ್ಚಿಕೊಂಡು ಹಾಲನ್ನು ನೇರ ಅಲ್ಲಿಗಿಳಿಸುತ್ತದೆ. ಬಕೆಟ್ಟಿನಿಂದ ಗಟಗಟ ಕುಡಿದರೆ ಹಾಲು ಮೊದಲ ಹೊಟ್ಟೆಗೆ ಬಿದ್ದು ಹುಳಿಯುವುದುಂಟು, ಎಡಪಕ್ಕೆ ಉಬ್ಬುತ್ತದೆ. ಬಲಗಡೆ ಉಬ್ಬಿ, ಅಲುಗಿಸಿದರೆ ನೀರು ಕುಲುಕಿದ ಸದ್ದು ಬಂದರೆ ನಾಲ್ಕನೆಯ ಹೊಟ್ಟೆಯನ್ನೋ ಕರುಳನ್ನೋ ಅನುಮಾನಿಸಬೇಕು. ಸಗಣಿ ನಿಂತು ಬರೀ ಲೋಳೆ, ರಕ್ತ ಬಂದರೆ ಕರುಳೊಳಗೆ ಕರುಳು ಹೊಕ್ಕಿರಬಹುದು. ಅದನ್ನು ಹೊಟ್ಟೆ ಕೊಯ್ದೇ ಬಿಡಿಸಬೇಕು; ತಡವಾದರೆ ಆ ಕರುಳು ಸಾಯುತ್ತದೆ. ಗುದದ್ವಾರವೇ ಇಲ್ಲದೆ ಹುಟ್ಟುವ ಕರುಗಳೂ ಉಂಟು. ಹುಟ್ಟಿದ ದಿನವೇ ಬಾಲ ಎತ್ತಿ ನೋಡಿದರೆ ತಿಳಿಯುತ್ತದೆ.

ಹೊಟ್ಟೆಯುಬ್ಬರಕ್ಕೆ ಗೊಟ್ಟದಲ್ಲಿ ಎಣ್ಣೆ ಹೊಯ್ಯುವುದು, ಪಕ್ಕೆಗೆ ಬರೆ ಎಳೆಯುವುದು ನಮ್ಮಲ್ಲಿ ಹಳೆಯ ಪದ್ಧತಿ. ನಿತ್ರಾಣದ ಕರುವಿನ ಎಣ್ಣೆ ಶ್ವಾಸಕೋಶಕ್ಕಿಳಿದರೆ ಮುಗಿಯಿತು. ಬರೆಯಿಂದ ಕರುಳಿನ ಗಂಟು ಬಿಚ್ಚುವುದಿಲ್ಲ. ಈಗ 1962ಕ್ಕೆ ಫೋನ್ ಮಾಡಿದರೆ ಪಶು ಆಂಬುಲೆನ್ಸ್ ಬರುತ್ತದೆ. ಹಾಸನದಲ್ಲಿ ಪಶುವೈದ್ಯಕೀಯ ಕಾಲೇಜೇ ಇದೆ.

ಆದರೆ ಫೋನಿಗೆ ಮುಂಚೆ ಒಂದು ಪ್ರಶ್ನೆ ಏಳುತ್ತದೆ: "ಹೆಣ್ಣೋ, ಗಂಡೋ?" ಉಳುಮೆಗೆ ಟ್ರ್ಯಾಕ್ಟರ್ ಬಂದ ಮೇಲೆ ಸೀಮೆಹಸುವಿನ ಗಂಡುಕರು ಯಾರಿಗೂ ಬೇಡ. ಮನೆಯೊಳಗೆ ಹೆಣ್ಣು ಬೇಡ, ಕೊಟ್ಟಿಗೆಯೊಳಗೆ ಗಂಡು ಬೇಡ! ಕಳೆದ ಮಳೆಗಾಲದಲ್ಲಿ ಪಕ್ಕದ ಮನೆಯ ಹತ್ತು ದಿನದ ಗಂಡುಕರು ಒದ್ದಾಡುತ್ತಿದ್ದಾಗ ಯಜಮಾನರು, "ಅದಕ್ಯಾಕೆ ಖರ್ಚು?" ಎಂದರು. ಅವರ ಹೆಂಡತಿ ಎದುರು ಮಾತಾಡಲಿಲ್ಲ. ಡೇರಿ ಬಟವಾಡೆಯ ದುಡ್ಡನ್ನು ಸೆರಗಿಗೆ ಕಟ್ಟಿಕೊಂಡು ಬಂದು ತಾವೇ ಫೋನ್ ಮಾಡಿದರು. ಡಾಕ್ಟರು ಬಲಪಕ್ಕೆ ತಟ್ಟಿ ಆಲಿಸಿ, ಕರುವನ್ನು ಬೆನ್ನಮೇಲೆ ಉರುಳಿಸಿ, ಸೂಜಿ ಚುಚ್ಚಿ ಗಾಳಿ ಬಿಟ್ಟರು, ಡ್ರಿಪ್ ಹಾಕಿದರು.

"ನಾನು ಮೂರನೇ ಹೆಣ್ಣಾಗಿ ಹುಟ್ಟಿ ಕಾಯಿಲೆ ಬಿದ್ದಾಗಲೂ ಹಿಂಗೇ ಅಂದಿದ್ರಂತೆ, ಟೀಚರಮ್ಮ" ಎಂದರು ಆಕೆ, ಡ್ರಿಪ್ಪಿನ ಬಾಟಲಿ ಎತ್ತಿ ಹಿಡಿದುಕೊಂಡೇ.

ಮರುದಿನ ಕಾಂಪೌಂಡಿನ ಮೇಲಿಂದ, "ಸಗಣಿ ಹಾಕ್ತು!" ಎಂದು ಕೂಗಿದರು. ಬಸ್ಸಿಗೆ ಹೊತ್ತಾಗಿದ್ದರೂ ಹೋಗಿ ನೋಡಿ ಬಂದೆ.