ಸೇವಂತಿಗೆ ಒಲ್ಲದ ಮೈ

ಅರಿಶಿಣ-ಕುಂಕುಮಕ್ಕೆ ಕರೆದವರ ಮನೆಯಲ್ಲಿ ಮುತ್ತೈದೆಯೊಬ್ಬಳು ಹೂವು ಬೇಡವೆಂದರೆ ಏನಾಗುತ್ತದೆಂದು ನಿಮಗೆ ಬೇರೆ ಹೇಳಬೇಕೆ? ಶ್ರಾವಣ ಶುಕ್ರವಾರ ಸೇವಂತಿಗೆ ಮಾಲೆ ಹಿಡಿದು ಬಂದ ಮನೆಯಾಕೆಗೆ "ಅದೊಂದು ಬ್ಯಾಡ್ರಿ ಅಕ್ಕಾ" ಎಂದರೆ ಮೊದಲು ಆಕೆಯ ಮುಖ ಸಣ್ಣದಾಗುತ್ತದೆ. ಆಮೇಲೆ ಹಿರಿಯರು ಯಾರಾದರೂ "ಹೂವ ಒಲ್ಲೆ ಅನಬಾರದವಾ" ಎನ್ನುತ್ತಾರೆ. ಹೊಸಪೇಟೆಯಲ್ಲಿ ಸಂಸಾರ ಹೂಡಿರುವ ನನಗೆ ಹೀಗೆ ಹನ್ನೊಂದು ಶ್ರಾವಣ ಕಳೆದಿವೆ. ನನ್ನ ಮೈಗೆ ಸೇವಂತಿಗೆ ಆಗದು, ಚೆಂಡು ಹೂವು ಆಗದು. ಸೂರ್ಯಕಾಂತಿ ಹೊಲದ ಬದುವಿನಲ್ಲಿ ಒಂದು ಗಳಿಗೆ ನಿಲ್ಲುವಂತಿಲ್ಲ. ಇದಕ್ಕೆಲ್ಲ ಮೂಲ, ನಾವು ದಿನವೂ ದಾಟಿಕೊಂಡು ಓಡಾಡುವ ಕಾಂಗ್ರೆಸ್ ಗಿಡ, ಅಂದರೆ ಪಾರ್ಥೇನಿಯಂ.

ಮೊದಲು ಬರೀ ಕಣ್ಣುರೆಪ್ಪೆ ತುರಿಸುತ್ತಿತ್ತು. ಆಮೇಲೆ ಕುತ್ತಿಗೆ, ಕಿವಿಯ ಹಿಂದೆ, ಮೊಣಕೈ ಮಡಿಕೆ. ಬಟ್ಟೆ ಮುಚ್ಚಿದ ಕಡೆ ಚರ್ಮ ಚೆನ್ನಾಗಿಯೇ ಇದೆ, ಗಾಳಿಗೆ ತೆರೆದ ಕಡೆಯೆಲ್ಲ ಕೆಂಪಗೆ ಊದಿ ನೀರೊಸರುತ್ತಿದೆ. ಎರಡನೆಯ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಬೆಳಗ್ಗೆ ಎದ್ದರೆ ಕಣ್ಣು ಬಿಡಲಾಗದಷ್ಟು ಬಾವು, ರಾತ್ರಿ ಮಲಗಿದರೆ ಉಬ್ಬಸ. ಇದು ಅಂಟುರೋಗವೆಂದು ಪಕ್ಕದ ಮನೆಯವರು ಮಕ್ಕಳನ್ನು ನಮ್ಮ ಹೊಸ್ತಿಲು ತುಳಿಯಗೊಡಲಿಲ್ಲ. ನನಗೆ ಉಬ್ಬಸಕ್ಕಿಂತ ಹೆಚ್ಚು ನೋವು ಕೊಟ್ಟದ್ದು ಅದು. ಇದು ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ ಸೋದರಿಯರೇ, ಒಂದೇ ತಟ್ಟೆಯಲ್ಲಿ ಉಂಡರೂ ಹರಡುವುದಿಲ್ಲ.

ನನ್ನ ತವರು ಸಂಡೂರು. 2011ರಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಳನ್ನು ನಿಲ್ಲಿಸುವ ಮುಂಚೆ ಆ ರಸ್ತೆಯ ಗಿಡಮರದ ಎಲೆಗಳೂ ಅದಿರಿನ ದೂಳಿಗೆ ಕೆಂಪಾಗಿದ್ದುದನ್ನು ಕಂಡವರು ಬಹಳ ಜನ. ಹಾಗಾಗಿ ನನ್ನ ಕಾಯಿಲೆಗೆ ತವರಿನ ದೂಳೇ ಕಾರಣವೆಂದು ಎಲ್ಲರೂ ತೀರ್ಮಾನಿಸಿಬಿಟ್ಟಿದ್ದರು. ಆದರೆ ಸಂಡೂರಿನಲ್ಲಿ, ಗುಡ್ಡದ ಬುಡದ ಮನೆಯಲ್ಲಿ ಎಂಟು ದಿನ ಇದ್ದರೆ ಬಾವು ಇಳಿಯುತ್ತಿತ್ತು. ಕಂಪ್ಲಿಯಲ್ಲಿರುವ ಅಕ್ಕನ ಮನೆಗೆ ಹೋದರೆ ಒಂದೇ ದಿನಕ್ಕೆ ಮುಖ ಹಂಡೆಯಾಗುತ್ತಿತ್ತು. ಅಲ್ಲಿ ಭತ್ತದ ಗದ್ದೆ, ಕಬ್ಬು, ಕಾಲುವೆ ನೀರು, ಕಣ್ಣಿಗೆ ತಂಪೋ ತಂಪು. ದನದ ಕೊಟ್ಟಿಗೆಯ ಹಿಂದೆ ಮಾತ್ರ ಎದೆಯೆತ್ತರ ಬಿಳಿ ಹೂವಿನ ಗಿಡ! "ಎಮ್ಮಿ ಹಾಲು ಯಾಕೋ ಕಹಿ ಆಗ್ಯಾವ" ಎಂದು ಅಕ್ಕ ಅಂದಾಗ ನಮ್ಮವರು ಆ ಗಿಡದ ಕಡೆ ತಿರುಗಿ ನೋಡಿದರು. ಮೇವಿನ ಜೊತೆ ಇದು ಹೊಟ್ಟೆಗೆ ಹೋದರೆ ಹಾಲು ಕಹಿಯಾಗುವುದುಂಟು.

ಬಳ್ಳಾರಿಯ ಚರ್ಮದ ಡಾಕ್ಟರಿಗೆ ಇದನ್ನೆಲ್ಲ ಹೇಳಿದೆವು. ಅವರು ಬೆನ್ನಿಗೆ ಪುಟ್ಟ ಪುಟ್ಟ ಪಟ್ಟಿ ಅಂಟಿಸಿ, ಎರಡು ದಿನ ನೀರು ಸೋಕಿಸಬೇಡಿ ಎಂದು ಕಳಿಸಿದರು. ಬಿಚ್ಚಿ ನೋಡಿದಾಗ ಪಾರ್ಥೇನಿಯಂ ಇಟ್ಟ ಜಾಗವೂ ಸೇವಂತಿಗೆ ಇಟ್ಟ ಜಾಗವೂ ಊದಿದ್ದವು. ಸೇವಂತಿಗೆ, ಚೆಂಡು, ಸೂರ್ಯಕಾಂತಿ ಎಲ್ಲ ಅದೇ ಕುಟುಂಬದವಂತೆ, ಒಂದಕ್ಕೆ ಕೆರಳಿದ ಮೈ ಉಳಿದವಕ್ಕೂ ಕೆರಳಬಹುದಂತೆ. ಒಣಗಿದ ಗಿಡವೂ ಸುಮ್ಮನಿರುವುದಿಲ್ಲ, ಪುಡಿಯಾಗಿ ಗಾಳಿಯಲ್ಲಿ ಹಾರಿಬಂದು ಮೈಮೇಲೆ ಕೂಡುತ್ತದೆ.

ಅಮೆರಿಕ ಖಂಡದ ಈ ಗಿಡ ಪುಣೆಯಲ್ಲಿ ಜನರ ಕಣ್ಣಿಗೆ ಬಿದ್ದದ್ದು 1950ರ ದಶಕದ ನಡುವೆ. ಗೋಧಿಯ ಜೊತೆ ಹಡಗಿನಲ್ಲಿ ಬಂತೆಂದು ಹಿರಿಯರು ಹೇಳುತ್ತಾರೆ. 1984ರಲ್ಲಿ ಇದರ ಎಲೆ ತಿನ್ನುವ ಮೆಕ್ಸಿಕೋದ ಜೀರುಂಡೆಯನ್ನು ಬೆಂಗಳೂರಿನಲ್ಲಿ ಬಿಟ್ಟರು. ಹುಳು ತಿನ್ನುತ್ತಲೇ ಇದೆ, ಗಿಡ ಬೆಳೆಯುತ್ತಲೇ ಇದೆ. ಚೆನ್ನಾಗಿ ಬೆಳೆದ ಒಂದು ಗಿಡ 15,000ಕ್ಕೂ ಹೆಚ್ಚು ಬೀಜ ಉದುರಿಸಬಲ್ಲದು.

ಇನ್ನು ಮನೆಯ ಮಾತು. ಕಾಯಿಲೆ ಕೆರಳಿದ ವಾರಗಳಲ್ಲಿ ಒಲೆಯ ಮುಂದೆ ನಿಲ್ಲಲಾಗದು, ಬಿಸಿಗೆ ತುರಿಕೆ ಇಮ್ಮಡಿಸುತ್ತದೆ. ಅದಕ್ಕೇ ಮೈ ಚೆನ್ನಾಗಿರುವಾಗಲೇ ಖಡಕ್ ರೊಟ್ಟಿ ಮಾಡಿ ಪೇರಿಸಿಡುತ್ತೇನೆ. ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ ಡಬ್ಬಿ ತುಂಬಿರುತ್ತವೆ. ನಮ್ಮವರಿಗೆ ಅನ್ನ, ಬೇಳೆ ಸಾರು ಬರುತ್ತದೆ. ಉಪ್ಪು ಒಂದು ದಿನ ಹೆಚ್ಚು, ಒಂದು ದಿನ ಇಲ್ಲವೇ ಇಲ್ಲ. ಮಗಳು ಕಸ ಗುಡಿಸುವುದನ್ನು ಬಿಟ್ಟು ಒದ್ದೆ ಬಟ್ಟೆಯಲ್ಲಿ ನೆಲ ಒರೆಸುತ್ತಾಳೆ. ಬಟ್ಟೆಯನ್ನು ಹಿತ್ತಲ ತಂತಿಗೆ ಹಾಕದೆ ನಡುಮನೆಯಲ್ಲಿ ಒಣಗಿಸುತ್ತೇವೆ. ಬಂದವರು "ಇದೇನವ್ವಾ, ಮನಿತುಂಬ ಸೀರಿ" ಎಂದು ನಕ್ಕರೂ ಸೈ. ಹೊರಗೆ ಹೋಗುವಾಗ ತುಂಬುತೋಳಿನ ರವಿಕೆ, ಬಂದೊಡನೆ ಮುಖ ಕೈಕಾಲು ತೊಳೆದು ಬೇರೆ ಸೀರೆ.

ಒಂದು ಮಾತು ಒತ್ತಿ ಹೇಳಬೇಕು. ನಮ್ಮ ಓಣಿಯ ಹುಡುಗಿಯೊಬ್ಬಳು ಅಂಗಡಿಯಲ್ಲಿ ತಾನೇ ಕೇಳಿ ತಂದ ಸ್ಟಿರಾಯ್ಡ್ ಮುಲಾಮನ್ನು ತಿಂಗಳುಗಟ್ಟಲೆ ಮುಖಕ್ಕೆ ಹಚ್ಚಿದಳು. ತುರಿಕೆ ನಿಂತಿತು, ಚರ್ಮ ಈರುಳ್ಳಿ ಸಿಪ್ಪೆಯಂತೆ ತೆಳ್ಳಗಾಯಿತು. ಆ ಮುಲಾಮು ಒಳ್ಳೆಯ ಔಷಧವೇ, ಆದರೆ ಎಲ್ಲಿಗೆ, ಎಷ್ಟು ದಿನ ಎಂಬುದನ್ನು ಡಾಕ್ಟರೇ ಹೇಳಬೇಕು. ಬಹಳ ದಿನ ನುಂಗಿದ ಸ್ಟಿರಾಯ್ಡ್ ಗುಳಿಗೆಯನ್ನು ಒಮ್ಮೆಲೇ ಬಿಡುವುದೂ ಅಪಾಯ. ಇನ್ನು ತುಟಿ ನಾಲಿಗೆ ಊದಿಕೊಂಡರೆ, ಉಸಿರು ಸಿಕ್ಕಿಕೊಂಡರೆ ಕಷಾಯ ಕಾಸುತ್ತ ಕೂರಬೇಡಿ. ಅಡುಗೆ ಅರ್ಧಕ್ಕೆ ಬಿಟ್ಟು ಆಸ್ಪತ್ರೆಗೆ ಹೋಗಿ.

ಹಂಪಿಯ ಜಾತ್ರೆಯನ್ನು ಮೂರು ವರ್ಷ ಬಿಟ್ಟಿದ್ದೆ. ಚೈತ್ರದ ಬಿಸಿಲು, ದೂಳು, ರಥಬೀದಿಯ ಇಕ್ಕೆಲದಲ್ಲಿ ಹೂವಿನ ರಾಶಿ. ಈಗ ತೇರಿನ ದಿನ ಬಿಟ್ಟು, ಜನ ಕರಗಿದ ಮೇಲೆ ಒಂದು ದಿನ ಬೆಳಗಿನ ಜಾವ ಹೋಗಿ ವಿರೂಪಾಕ್ಷನಿಗೆ ಕೈಮುಗಿದು ಬರುತ್ತೇನೆ. ಹೊತ್ತೇರಿ ಬೀಸುಗಾಳಿ ಏಳುವಷ್ಟರಲ್ಲಿ ಮನೆ ಸೇರಿರುತ್ತೇನೆ. ಮುಡಿಯಲ್ಲಿ ಹಡಗಲಿ ಮಲ್ಲಿಗೆ. ಅದಕ್ಕೆ ನನ್ನ ಮೈ ತಕರಾರು ಮಾಡುವುದಿಲ್ಲ. ಅರಿಶಿಣ-ಕುಂಕುಮದ ಮನೆಗೂ ಮೊದಲೇ ಹೇಳಿ ಕಳಿಸುತ್ತೇನೆ, ಈಗೀಗ ನನ್ನ ಪಾಲಿಗೆಂದೇ ಮಲ್ಲಿಗೆಯನ್ನೋ ಕನಕಾಂಬರವನ್ನೋ ಎತ್ತಿಟ್ಟಿರುತ್ತಾರೆ.

ನಮ್ಮ ಮನೆಯ ಪಕ್ಕ ಖಾಲಿ ಸೈಟೊಂದಿದೆ. ಮುಂಗಾರಿನ ಮೊದಲ ಮಳೆ ಬಿದ್ದು ನೆಲ ಮೆತ್ತಗಾದಾಗ, ಗಿಡ ಗೇಣುದ್ದ ಇರುವಾಗಲೇ, ಓಣಿಯ ನಾಲ್ಕು ಮನೆಯವರು ಕೈಚೀಲ ತೊಟ್ಟು ಬೇರುಸಹಿತ ಕೀಳುತ್ತಾರೆ. ಹೂ ಬಿಟ್ಟ ಮೇಲೆ ಕಿತ್ತರೆ ಬೀಜ ಚೆಲ್ಲಿ ಮುಂದಿನ ವರ್ಷ ಮತ್ತಷ್ಟು. ಕಿತ್ತ ಜಾಗದಲ್ಲಿ ತಗಚೆ ಬೀಜ ಎರಚಿದ್ದೇವೆ. ಅದು ಹಬ್ಬಿದರೆ ಇದಕ್ಕೆ ಎಡೆ ಕೊಡುವುದಿಲ್ಲ. ನನ್ನನ್ನು ಮಾತ್ರ ಯಾರೂ ಹತ್ತಿರ ಬಿಡುವುದಿಲ್ಲ. ಕಿಟಕಿ ಮುಚ್ಚಿಕೊಂಡು ಒಳಗೆ ಎಲ್ಲರಿಗೂ ಮಂಡಕ್ಕಿ ಒಗ್ಗರಣೆ ಮಾಡುವುದು ನನ್ನ ಪಾಲಿನ ಕೆಲಸ. ಮೆಣಸಿನಕಾಯಿ ಬಜ್ಜಿಯೂ ಬೇಕೆಂದು ಈ ಸಲ ಬೇಡಿಕೆ ಬಂದಿದೆ.